ಇತರೆ

ಜ್ವರ ಬಂದದ್ದು ಯಾವತ್ತು ಎಂದು ಕೇಳಿದೆ.
ತೆಯೊಲಿಂಡ ಯುಯಾರಿಮ, ಬೆರಳು ಮಡಿಸಲಾರದೆ,
ತುಟಿಯಲ್ಲೇ ಎಣಿಸಿದಳು:
ಪುಕಾಲ್ಪದ ಹಡಗು ಬಾಳೆಗೊನೆ ಇಳಿಸಿದ ಮಾರನೆಯ ದಿನ,
ಅಲ್ಲ, ಅದರ ಮಾರನೆಯ ದಿನ,
ನೀರು ನಮ್ಮ ಏಣಿಯ ಮೂರನೇ ಮೆಟ್ಟಿಲು ನುಂಗಿದ ಸಂಜೆ.

ನನ್ನ ಫಾರಂನಲ್ಲಿ ತಾರೀಖಿಗೆ ಎಂಟು ಚೌಕಗಳಿವೆ,
ಏಣಿಗೆ ಒಂದೂ ಇಲ್ಲ.

ಇಕಿಟೋಸ್. ರಸ್ತೆ ಹಿಡಿದು ಯಾರೂ ಬರಲಾಗದ ಊರು;
ಹೊಳೆಯಲ್ಲಿ ಬರಬೇಕು, ಇಲ್ಲವೇ ಆಕಾಶದಲ್ಲಿ.
ಸೊಳ್ಳೆ ಬಂದದ್ದು ಯಾವುದೋ ದೋಣಿಯ ಹಳೆ ಟೈರಿನೊಳಗೆ,
ಮೊಟ್ಟೆಯಾಗಿ, ಟಿಕೆಟ್ಟಿಲ್ಲದೆ.

ಡೆಂಗಿ, ಝಿಕಾ, ಚಿಕೂನ್‌ಗುನ್ಯ
ಮೂವರೂ ಒಂದೇ ಅಂಗಿ ತೊಟ್ಟು ಬರುತ್ತಾರೆ.
ಅದೇ ತಲೆಸಿಡಿತ, ಅದೇ ಕೆಂಪು ದದ್ದು,
ಕಣ್ಣುಗುಡ್ಡೆಯ ಹಿಂದೆ ಅದೇ ಮೊಳೆ.
ಕೀಲು ಹೆಚ್ಚು ನೊಂದರೆ ಒಬ್ಬ, ಕಣ್ಣು ಕೆಂಪಾದರೆ ಇನ್ನೊಬ್ಬ,
ವಸಡಿನಲ್ಲಿ ನೆತ್ತರು ಜಿನುಗಿದರೆ ಓಡಿ ಬಂದು ನನ್ನನ್ನು ಎಬ್ಬಿಸು
ಎನ್ನುತ್ತಾರೆ ಡಾಕ್ಟರ್ ಸಂಡೋವಾಲ್.
ಪೆನ್ನಿನ ಮುಚ್ಚಳ ಕಚ್ಚುತ್ತ ಆಮೇಲೆ ಸೇರಿಸುತ್ತಾರೆ:
ಇದನ್ನೆಲ್ಲ ಜ್ವರಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಆಸ್ಪಿರಿನ್ ಕೇಳಿದಳು. ಕೊಡಲಿಲ್ಲ.
ಡೆಂಗಿಯಲ್ಲ ಎಂದು ಗೊತ್ತಾಗುವವರೆಗೆ ಕೊಡುವಂತಿಲ್ಲ,
ನೆತ್ತರಿಗೆ ನಾವೇ ಚಿಲಕ ತೆಗೆದುಕೊಟ್ಟಂತೆ.
ಅವಳ ಕಸುಬು ಅಗುವಾಹೆ ಹಣ್ಣು ಸುಲಿಯುವುದು,
ಹಾವಿನ ಮೈಯಂಥ ಸಿಪ್ಪೆ, ಉಗುರಿನಿಂದ ಹುರುಪೆ ಹುರುಪೆಯಾಗಿ.
ಬುಟ್ಟಿ ಅಂದಿನಿಂದ ನೀರಿನಲ್ಲೇ ನೆನೆದು ಹುಳಿಯುತ್ತಿದೆ.

ಐದು ದಿನದೊಳಗಾದರೆ ಕಳ್ಳ ಮನೆಯಲ್ಲೇ ಸಿಗುತ್ತಾನೆ.
ತಡವಾದರೆ ಸಿಗುವುದು ಸಾಕ್ಷಿ ಮಾತ್ರ.
ಆ ಸಾಕ್ಷಿಯೋ ಮಂಜುಗಣ್ಣಿನ ಮುದುಕ:
ಎಂದೋ ತನ್ನ ಕೋಳಿ ಕದ್ದವನನ್ನೇ
ಹಾದುಹೋಗುವ ಎಲ್ಲ ಮುಖದಲ್ಲೂ ಕಾಣುವವನು.
ಝಿಕಾವನ್ನು ತಂದು ನಿಲ್ಲಿಸಿದರೂ
ಇವನೇ ಡೆಂಗಿ, ಇವನೇ, ಎಂದು ಆಣೆಯಿಡುತ್ತಾನೆ.

ಬಂದರಿನ ಗುಮಾಸ್ತ ರೊಸೆಂಡೊಗೆ ಫೋನ್ ಮಾಡಿದೆ.
ಬಾಳೆಯ ಹಡಗೇ? ಮಂಗಳವಾರ ಬಂತು, ಎರಡು ದಿನ ತಡವಾಗಿ,
ನಿನಗೇಕೆ ಬಾಳೆಹಣ್ಣು, ಅಂದ.
ಹಾಗಾದರೆ ಇಂದು ನಾಲ್ಕನೇ ದಿನ.

ರಾತ್ರಿ ಕರೆಂಟು ಎರಡು ಸಲ ಹೋಯಿತು.
ಪರದೆಯ ಮೇಲೆ ಮೂರು ಗೆರೆಗಳು
ಚಪ್ಪಟೆಯಾಗಿ ಮಲಗಿದ್ದವು, ಬೆಳಗಿನವರೆಗೂ ಏಳಲಿಲ್ಲ.
ಇಲ್ಲ. ಇಲ್ಲ. ಇಲ್ಲ.
ಪಕ್ಕದ ಕೋಣೆಯಲ್ಲಿ ಅವಳು ನರಳುತ್ತಿದ್ದಳು,
ಈ ಮೂರು ಇಲ್ಲಗಳಿಗೆ ಕಿವಿಗೊಡದೆ.

ಫಾರಂನ ಕೊನೆಯಲ್ಲಿ ಕಡ್ಡಿಪೆಟ್ಟಿಗೆಯಷ್ಟು ಜಾಗವಿದೆ: ಇತರೆ.
ಅಲ್ಲಿ ಸಣ್ಣಗೆ ಬರೆದೆ,
ಹಣ್ಣಿಗೆಂದು ಕಾಡಿಗೆ ಹೋಗಿದ್ದಳು, ಮರದಲ್ಲಿ ಕೋತಿಗಳಿದ್ದವಂತೆ,
ಕಚ್ಚಿದ ಸೊಳ್ಳೆಗೆ ನೀಲಿ ಹೊಳಪಿತ್ತಂತೆ, ಹಾಡುಹಗಲು.
ಜಾಗ ಸಾಲದೆ ಅಂಚಿನಲ್ಲಿ ಬರೆದೆ, ಅಂಚೂ ಸಾಲದೆ ಹಿಂಬದಿಗೆ.
ಮಂಜುಗಡ್ಡೆಯ ಡಬ್ಬಿ ಲೀಮಾ ವಿಮಾನ ಹತ್ತಿತು.

ಉತ್ತರ ಬಂದದ್ದು ನಲವತ್ತು ದಿನಕ್ಕೆ,
ಹೊಳೆ ನುಂಗಿದ್ದ ಮೆಟ್ಟಿಲನ್ನೆಲ್ಲ ಮರಳಿಸಿದ ಮೇಲೆ.
ಮಾಯಾರೊ.
ಇನ್ನೂ ಮಾಯದ ಮಣಿಕಟ್ಟಿಗೆ ಕೊನೆಗೊಂದು ಹೆಸರು.
ಮದ್ದಿಲ್ಲ ಅದಕ್ಕೆ, ಎಂದೆ, ನೆಲ ನೋಡುತ್ತ.

ತೆಯೊಲಿಂಡ ಚೀಟಿಯನ್ನು ಎರಡೂ ಅಂಗೈ ನಡುವೆ ಹಿಡಿದಳು,
ಬಿಸಿ ಬಟ್ಟಲು ಹಿಡಿದಂತೆ.
ಗಂಡ ಸೋಮಾರಿ ಅನ್ನುತ್ತಿದ್ದ, ಅತ್ತಿಗೆ ನಾಟಕ ಅನ್ನುತ್ತಿದ್ದಳು.
ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡು, ಅಂದಳು,
ದೂರದಿಂದ ಕಾಣುವ ಹಾಗೆ.

ಈಗ ಗೋಡೆಯ ಕ್ಯಾಲೆಂಡರಿನಲ್ಲಿ
ತಾರೀಖಿನ ಕೆಳಗೆ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ:
ಹಡಗು. ನಾಲ್ಕನೇ ಮೆಟ್ಟಿಲು. ಫುಟ್‌ಬಾಲಿನಲ್ಲಿ ಸೋತ ದಿನ.
ಈ ಬೆಳಗ್ಗೆ ಮೀನುಗಾರನೊಬ್ಬ ಬಂದ, ಕಣ್ಣೆಲ್ಲ ಕೆಂಪು.
ಜ್ವರ ಯಾವತ್ತು ಶುರುವಾಯ್ತು?
ನಾಯಿ ಮರಿ ಹಾಕಿದ ರಾತ್ರಿ, ಎಂದ, ಇಡೀ ಊರಿಗೇ ಗೊತ್ತೆಂಬಂತೆ.

ಯಾರ ನಾಯಿ? ಎನ್ನುತ್ತ
ಸೂಜಿಯ ಪೊಟ್ಟಣ ಹರಿದೆ.